ದಾದಿಯ ಕಿವಿಗೆ ಒಂದು ರಿಸೀವರ್

ಹೋಮ್ ಥಿಯೇಟರ್ ಎಂದ ಕೂಡಲೇ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ "ಎಷ್ಟು ವಾಟ್?" ಎರಡನೆಯದು "ಬೇಸ್ ಹೇಗಿದೆ?" ಗೋಡೆ ನಡುಗಿದರೆ ಒಳ್ಳೆಯ ಸೆಟ್, ನಡುಗದಿದ್ದರೆ ದುಡ್ಡು ದಂಡ. 2019ರ ಆರಂಭದಲ್ಲಿ ನಮ್ಮ ಮನೆಗೆ ಒಂದು ರಿಸೀವರ್ ಮತ್ತು ರೆಕಾರ್ಡಿಂಗ್ ಸೌಲಭ್ಯವಿರುವ ಡಿಟಿಎಚ್ ಪೆಟ್ಟಿಗೆ ಬಂದಾಗ ನನ್ನ ತರಗತಿಯ ಗೆಳತಿಯರೂ ಇದನ್ನೇ ಕೇಳಿದ್ದರು. ಬೆಲ್ ಹೊಡೆಯುವುದರೊಳಗೆ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಈಗ ಒಂದು ವರ್ಷದ ಅನುಭವವೂ ಸೇರಿದೆ. ಆದ್ದರಿಂದ ನಮ್ಮ ಕಾಲೇಜಿನ ವಾರ್ತಾಪತ್ರದಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ರಿಸೀವರ್ ಎಂದರೇನು ಎಂದು ತಿಳಿಯದವರಿಗೆ ಒಂದು ಮಾತು. ಟಿವಿ, ಸೆಟ್‌ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್ ಎಲ್ಲದರ ಧ್ವನಿಯನ್ನು ಒಂದೇ ಕಡೆ ತೆಗೆದುಕೊಂಡು, ಯಾವ ಧ್ವನಿ ಯಾವ ಸ್ಪೀಕರ್‌ಗೆ ಹೋಗಬೇಕೆಂದು ವಿಂಗಡಿಸಿ, ಶಕ್ತಿ ತುಂಬಿ ಕಳಿಸುವ ಪೆಟ್ಟಿಗೆ ಅದು. 5.1 ಎಂದರೆ ಎಡ, ಬಲ, ನಡು, ಹಿಂದೆ ಎರಡು, ಹೀಗೆ ಐದು ಸ್ಪೀಕರ್; ಆ ಚುಕ್ಕಿಯ ಮುಂದಿನ ಒಂದು ಎಂದರೆ ಗುಡುಗಿನಂಥ ತಗ್ಗಿನ ಧ್ವನಿಗೆ ಒಂದು ಸಬ್‌ವೂಫರ್.

ನಮ್ಮದು ಯಳಂದೂರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆ. ಅಬ್ಬಾ ಬೆಳಿಗ್ಗೆ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೋದರೆ, ರೀಲಿಂಗ್ ಕೆಲಸವೆಲ್ಲ ಮುಗಿಸಿ ಮನೆ ಸೇರುವುದು ರಾತ್ರಿ ಒಂಬತ್ತರ ಮೇಲೆ. ದಾದಿಯೂ ಮೂವತ್ತು ವರ್ಷ ಅದೇ ಯಂತ್ರಗಳ ಪಕ್ಕದಲ್ಲಿ ಕೂತು ಕೆಲಸ ಮಾಡಿದವರು. ಈಗ ಎಪ್ಪತ್ತು ದಾಟಿದೆ. ಮೂರು ನಾಲ್ಕು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂತು. ಟಿವಿ ನೋಡುವಾಗ "ಏನಂದ?" ಎಂದು ಪದೇ ಪದೇ ಕೇಳುತ್ತಿದ್ದರು. "ಆಮೇಲೆ ಹೇಳ್ತೀವಿ ದಾದಿ" ಎಂಬ ಉತ್ತರ ಬರುತ್ತಿತ್ತು. ಆ ಆಮೇಲೆ ಬರುವಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತಿತ್ತು. ಕ್ರಮೇಣ ಅವರು ಕೇಳುವುದನ್ನೇ ಬಿಟ್ಟರು. ಇಶಾ ನಮಾಜಿನ ನಂತರ ತಮ್ಮ ಕೋಣೆಗೆ ಹೋಗಿಬಿಡುತ್ತಿದ್ದರು. ನಾವೆಲ್ಲ ಹಾಲ್‌ನಲ್ಲಿ ನಗುವಾಗ ಅವರು ಒಳಗೆ ಒಬ್ಬರೇ.

ಟಿವಿಯ ಸದ್ದು ಹೆಚ್ಚಿಸಿದೆವು. ಪಕ್ಕದ ಮನೆಯವರು ಮಗುವಿಗೆ ನಿದ್ದೆ ಬರುತ್ತಿಲ್ಲ ಎಂದರು. ದಾದಿಗೂ ಪ್ರಯೋಜನವಾಗಲಿಲ್ಲ. ಒಂದು ದಿನ ಅವರೇ ಹೇಳಿದರು, "ಸದ್ದು ಕೇಳುತ್ತೆ ಬೇಟಿ, ಮಾತು ಕೇಳಲ್ಲ."

ಈ ಮಾತಿನ ಅರ್ಥ ನನಗೆ ಮೈಸೂರಿನಲ್ಲಿ ತಿಳಿಯಿತು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದಾದಿಯನ್ನು ಕರೆದುಕೊಂಡು ಹೋಗಿದ್ದೆವು. ಅಲ್ಲಿ ಪರೀಕ್ಷೆ ಮಾಡಿ ಒಂದು ಗ್ರಾಫ್ ಕೊಟ್ಟರು. ಎಡದಲ್ಲಿ 250 ಹರ್ಟ್ಜ್, ಬಲದಲ್ಲಿ 8000 ಹರ್ಟ್ಜ್. ದಾದಿಯ ಗೆರೆ ಎಡದಲ್ಲಿ ಪರವಾಗಿಲ್ಲ ಎನ್ನುವಂತೆ ಶುರುವಾಗಿ, 2000 ದಾಟಿದ ಮೇಲೆ ಬೆಟ್ಟದ ಇಳಿಜಾರಿನಂತೆ ಕೆಳಗಿಳಿದಿತ್ತು. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚು ಆವೃತ್ತಿಯ ಧ್ವನಿಗಳ ಗ್ರಹಿಕೆ. ಬಹುಕಾಲ ಗದ್ದಲದಲ್ಲಿ ಕೆಲಸ ಮಾಡಿದವರಿಗೆ ಇನ್ನೂ ಹೆಚ್ಚು. ನಾವು ಆಡುವ ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಗಳ ಬಲ ಕಡಿಮೆ ಆವೃತ್ತಿಯಲ್ಲಿರುತ್ತದೆ. ಸ, ಶ, ಫ ಮುಂತಾದ ವ್ಯಂಜನಗಳು ಹೆಚ್ಚು ಆವೃತ್ತಿಯಲ್ಲಿರುತ್ತವೆ, ಮೇಲಾಗಿ ಮೆಲುವಾಗಿಯೂ ಇರುತ್ತವೆ. ಕನ್ನಡದಲ್ಲೇ ಉದಾಹರಣೆ ಹೇಳುವುದಾದರೆ, ಊಟಕ್ಕೆ ಬಂದ ನೆಂಟರು "ಸಾಕು" ಎಂದರೂ "ಹಾಕು" ಎಂದರೂ ದಾದಿಗೆ ಒಂದೇ. ನಮ್ಮ ಮನೆಗೆ ಬಂದವರು ಎರಡು ಸೌಟು ಹೆಚ್ಚು ಉಂಡು ಹೋಗುತ್ತಿದ್ದದ್ದು ಇದರಿಂದಲೇ.

ಅವರಿಗೆ ಶ್ರವಣ ಸಾಧನ ಕೊಡಿಸಿದೆವು. ಹೊರಗೆ ಹೋಗುವಾಗ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಸಂಜೆಯ ಮೇಲೆ "ಕಿವಿಗೆ ಭಾರ" ಎಂದು ತೆಗೆದು ಡಬ್ಬಿಯಲ್ಲಿಡುತ್ತಾರೆ. ಹಾಗಾದರೆ ಟಿವಿಯ ಕಡೆಯಿಂದ ಏನಾದರೂ ಮಾಡಬಹುದೇ ಎಂಬ ಯೋಚನೆಯಿಂದ ನಮ್ಮ ರಿಸೀವರ್ ಹುಡುಕಾಟ ಆರಂಭವಾಯಿತು. ಗೋಡೆ ನಡುಗಿಸುವ ಆಸೆ ನಮ್ಮ ಭಾಯಿಗೆ ಮಾತ್ರ ಇತ್ತು.

ಮೊದಲು ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ ನೋಡಿದೆವು. ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 8000 ವಾಟ್ ಪಿಎಂಪಿಒ ಎಂದಿತ್ತು. ಯಂತ್ರವನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆ. ಅದು ಎಳೆದುಕೊಳ್ಳುವ ವಿದ್ಯುತ್ 80 ವಾಟ್. ಶಕ್ತಿ ನಿತ್ಯತೆಯ ನಿಯಮ ಓದಿದ ಯಾರಿಗಾದರೂ ನಗು ಬರಬೇಕು. ಪಿಎಂಪಿಒ ಎನ್ನುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಗರಿಷ್ಠ ಶಕ್ತಿಯ ಲೆಕ್ಕ; ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ಕ್ರಮವೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ಎಂಬ ಸಂಖ್ಯೆಯನ್ನು, ಅಂದರೆ ಯಂತ್ರ ಸತತವಾಗಿ ಕೊಡಬಲ್ಲ ಶಕ್ತಿಯನ್ನು. ಅದರಲ್ಲೂ ಒಂದು ವಿಷಯ ನೆನಪಿಡಬೇಕು. 50 ವಾಟ್ ಇದ್ದದ್ದು 100 ವಾಟ್ ಆದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತು ಎನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ. ಒಂದು ಹಾಲ್‌ಗೆ ವಾಟಿನ ಪೈಪೋಟಿ ಬೇಕಾಗಿಯೇ ಇಲ್ಲ.

ಎರಡನೆಯದು ಅಸೆಂಬಲ್ ಮಾಡಿದ ಆಂಪ್ಲಿಫೈಯರ್. ಕಡಿಮೆ ಬೆಲೆ, ಕೆಟ್ಟರೆ ಊರಲ್ಲೇ ರಿಪೇರಿ, ಮುಂದೆ ಕುಣಿಯುವ ನೀಲಿ ದೀಪಗಳು. ಭಾಯಿಗೆ ಬಹಳ ಹಿಡಿಸಿತು. ಅದಕ್ಕೆ ಸೆಂಟರ್ ಎಂಬ ಗುಂಡಿಯೂ ಇತ್ತು. ಆದರೆ ನಾವು ನೋಡಿದ ಯಂತ್ರ ಎಡಬಲದ ಧ್ವನಿಯನ್ನು ಸುಮ್ಮನೆ ಕೂಡಿಸಿ ನಡುವಿನ ಸ್ಪೀಕರ್‌ಗೆ ಕಳಿಸುತ್ತಿತ್ತು. ಮಾತಿನ ಜೊತೆ ತಬಲಾ, ಪಿಟೀಲು ಎಲ್ಲ ಅಲ್ಲಿಗೇ ಬರುತ್ತಿದ್ದವು.

ಈ ನಡುವಿನ ಸ್ಪೀಕರ್ ನಮಗೆ ಮುಖ್ಯವಾದದ್ದಕ್ಕೆ ಕಾರಣವಿದೆ. 5.1 ಧ್ವನಿಯಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ಸೆಂಟರ್ ಸ್ಪೀಕರ್‌ನಿಂದ, ಸಂಗೀತ ಎಡಬಲದಿಂದ. ಧಾರಾವಾಹಿ, ವಾರ್ತೆ ಬಹುತೇಕ ಎರಡೇ ಚಾನೆಲ್‌ನ ಸ್ಟೀರಿಯೋದಲ್ಲಿ ಬರುತ್ತವೆ. ಆಗ ರಿಸೀವರ್‌ನಲ್ಲಿ ಡಾಲ್ಬಿ ಪ್ರೋ ಲಾಜಿಕ್ 2 ಮಾದರಿಯ ವ್ಯವಸ್ಥೆ ಇದ್ದರೆ, ಎಡಬಲ ಎರಡರಲ್ಲೂ ಒಂದೇ ಸಮನಾಗಿರುವ ಧ್ವನಿಯನ್ನು, ಅಂದರೆ ಹೆಚ್ಚಾಗಿ ಮಾತನ್ನು, ಅದು ನಡುವಿಗೆ ತಿರುಗಿಸುತ್ತದೆ. ಬಳಿಕ ಆ ನಡುವಿನ ಸ್ಪೀಕರ್ ಒಂದನ್ನೇ ಜೋರು ಮಾಡಬಹುದು. ದಾದಿಗೆ ಬೇಕಾದದ್ದು ಇದೇ. ಸದ್ದನ್ನು ಅಲ್ಲಿಯೇ ಬಿಟ್ಟು ಮಾತನ್ನು ಮಾತ್ರ ಮೇಲೆತ್ತಬೇಕು.

ಮೂರನೆಯದು ಮಾಮೂ ಬಳಸಿದ್ದ ರಿಸೀವರ್. ರಿಯಾದ್‌ನಲ್ಲಿ ಕೆಲಸ ಬಿಟ್ಟು ಊರಿಗೆ ಬರುವಾಗ ತಂದಿದ್ದರು. ಏಳು ವರ್ಷ ಹಳೆಯದು. ಹೊರದೇಶದಿಂದ ಬಂದ ಯಂತ್ರವಾದರೆ ಮೊದಲು ವೋಲ್ಟೇಜ್ ನೋಡಬೇಕು. ಸೌದಿಯ ಎಷ್ಟೋ ಮನೆಗಳಲ್ಲಿ 127 ವೋಲ್ಟ್ ಬಳಕೆಯಲ್ಲಿತ್ತು, ನಮ್ಮಲ್ಲಿ 230. ಹಿಂದಿನ ಚೀಟಿಯಲ್ಲಿ 220–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದನ್ನು ಓದಿ ಧೈರ್ಯ ಬಂತು. 4ಕೆ ಚಿತ್ರ ಅದರ ಮೂಲಕ ಹಾಯುವುದಿಲ್ಲ. ನಮ್ಮ ಟಿವಿಯೂ 4ಕೆ ಅಲ್ಲ. ಪ್ರೋ ಲಾಜಿಕ್ 2 ಇತ್ತು, ಪ್ರತಿ ಸ್ಪೀಕರ್‌ನ ಮಟ್ಟ ಬೇರೆ ಬೇರೆ ಹೊಂದಿಸಬಹುದಿತ್ತು, ರಾತ್ರಿ ಸ್ಫೋಟದ ಸದ್ದು ತಗ್ಗಿಸಿ ಪಿಸುಮಾತನ್ನು ಏರಿಸುವ ನೈಟ್ ಮೋಡ್ ಇತ್ತು. ಮಾಮೂ ಹತ್ತು ಸಾವಿರ ಎಂದರು, ಅಮ್ಮಿ ಅಣ್ಣನ ಹತ್ತಿರ ಚೌಕಾಸಿ ಮಾಡಿ ಎಂಟಕ್ಕೆ ಇಳಿಸಿದರು.

ಸ್ಪೀಕರ್ ಕೊಳ್ಳಲು ಮೈಸೂರಿಗೆ ಹೋದಾಗ ದಾದಿಯನ್ನೂ ಕರೆದುಕೊಂಡು ಹೋದೆವು. ಅಂಗಡಿಯ ಹುಡುಗ ಸಿನಿಮಾದ ಹೊಡೆದಾಟ ಹಾಕಿ ತೋರಿಸತೊಡಗಿದ. ನಾನು ಪೆನ್‌ಡ್ರೈವ್‌ನಲ್ಲಿ ಉರ್ದು ವಾರ್ತೆಯ ತುಣುಕು ಒಯ್ದಿದ್ದೆ. ಅದನ್ನು ಹಾಕಿಸಿ, ಸದ್ದು ಸಾಧಾರಣ ಮಟ್ಟದಲ್ಲಿಟ್ಟು, ದಾದಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೇಳಿದ ವಾಕ್ಯವನ್ನು ತಿರುಗಿ ಹೇಳಿ ಎಂದೆ. ಮೊದಲ ಎರಡು ಸ್ಪೀಕರ್‌ಗಳಲ್ಲಿ ಅರ್ಧರ್ಧ ವಾಕ್ಯ ಬಂತು. ಮೂರನೆಯದರಲ್ಲಿ ಪೂರ್ತಿ ವಾಕ್ಯ ಹೇಳಿ, "ಇವಳು ಓದೋದು ಸ್ವಲ್ಪ ಬೇಗ ಆಯ್ತು" ಎಂದು ಟೀಕೆಯನ್ನೂ ಸೇರಿಸಿದರು. ಆರು ಸಾವಿರ ಕೊಟ್ಟು ಅದನ್ನೇ ತಂದೆವು. ಸಬ್‌ವೂಫರ್‌ಗೆ ಎಂದು ಭಾಯಿ ಲೆಕ್ಕ ಹಾಕಿದ್ದ ಹಣ ಅಲ್ಲಿಗೆ ಮುಗಿಯಿತು. ಅವನು ಬಸ್ಸಿನಲ್ಲಿ ಸಂತೇಮರಹಳ್ಳಿ ದಾಟುವವರೆಗೂ ಮಾತಾಡಲಿಲ್ಲ.

ಜೋಡಿಸುವ ಕೆಲಸ ನನ್ನದು. ಭಾಯಿ ಕಾರಿನ ಹಳೆಯ 4 ಓಮ್ ಸ್ಪೀಕರ್‌ಗಳನ್ನು ಹಿಂದೆ ಹಾಕೋಣ ಎಂದ. ರಿಸೀವರ್ ಹಿಂದೆ 6ರಿಂದ 16 ಓಮ್ ಎಂದು ಬರೆದಿತ್ತು. ಅದೇ ವೋಲ್ಟೇಜಿಗೆ ರೋಧ ಅರ್ಧವಾದರೆ ವಿದ್ಯುತ್ ಪ್ರವಾಹ ಎರಡರಷ್ಟಾಗಿ ಯಂತ್ರ ಕಾಯುತ್ತದೆ ಎಂದು ಪುಸ್ತಕ ತೋರಿಸಿದ ಮೇಲೆ ಬಿಟ್ಟ. ಸೆಂಟರ್ ಸ್ಪೀಕರನ್ನು ಟಿವಿಯ ಕೆಳಗೆ, ಬಾಯಿ ದಾದಿಯ ಕಿವಿಯ ಕಡೆ ತುಸು ಎತ್ತಿ ಇಟ್ಟೆ. ಮಟ್ಟ 4 ಡೆಸಿಬಲ್ ಏರಿಸಿದೆ. ತಗ್ಗಿನ ಧ್ವನಿ ಇಳಿಸಿದೆ. ಕೊನೆಯದಾಗಿ ತುಟಿಗೂ ಮಾತಿಗೂ ಹೊಂದಿಕೆ. ಟಿವಿ ಚಿತ್ರವನ್ನು ಸಂಸ್ಕರಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಧ್ವನಿ ಮೊದಲೇ ಬಂದುಬಿಡುತ್ತದೆ. ನಮಗೆ ಅದು ಗೊತ್ತಾಗುವುದಿಲ್ಲ. ದಾದಿಗೆ ಗೊತ್ತಾಗುತ್ತಿತ್ತು. ಕಿವಿ ಮಂದವಾದವರು ತಮಗೇ ತಿಳಿಯದೆ ತುಟಿ ಓದಲು ಕಲಿತಿರುತ್ತಾರೆ. ಧ್ವನಿಯನ್ನು 80 ಮಿಲಿಸೆಕೆಂಡ್ ತಡಮಾಡಿದಾಗ "ಈಗ ಸರಿ" ಎಂದರು.

ಆ ವಾರ ಒಂದು ಧಾರಾವಾಹಿಯಲ್ಲಿ ಅತ್ತೆ ಏನೋ ಕುಟುಕಿದಳು. ನಾವೆಲ್ಲ ನಕ್ಕೆವು. ದಾದಿಯೂ ನಮ್ಮ ಜೊತೆಗೇ ನಕ್ಕರು. ನಾವು ನಕ್ಕಿದ್ದನ್ನು ನೋಡಿ ಆಮೇಲೆ ನಕ್ಕದ್ದಲ್ಲ. ಅಮ್ಮಿ ನನ್ನ ಮುಖ ನೋಡಿದರು, ನಾನು ಅಮ್ಮಿಯ ಮುಖ ನೋಡಿದೆ. ಭಾಯಿ ಸಬ್‌ವೂಫರ್ ಮಾತು ಎತ್ತುವುದನ್ನು ಅಂದಿನಿಂದ ನಿಲ್ಲಿಸಿದ.

ಇನ್ನು ಡಿವಿಆರ್. ಪ್ರಸಾರವಾಗುವ ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ ನಮಗೆ ಬಿಡುವಾದಾಗ ನೋಡಲು ಕೊಡುವ ಪೆಟ್ಟಿಗೆ. ಅಮೆರಿಕದಲ್ಲಿ ಟಿವೋ ಮತ್ತು ರೀಪ್ಲೇ ಟಿವಿ ಎಂಬ ಪೆಟ್ಟಿಗೆಗಳು 1999ರಲ್ಲಿ ಬಂದವು. ನಮ್ಮಲ್ಲಿ 2008ರ ಹೊತ್ತಿಗೆ ಡಿಟಿಎಚ್ ಜೊತೆ ಬರತೊಡಗಿದವು. ಅದಕ್ಕೂ ಮೊದಲು ವಿಸಿಆರ್ ಕ್ಯಾಸೆಟ್ ಇತ್ತು. ಮನೆಯಲ್ಲಿ ಹೀಗೆ ರೆಕಾರ್ಡ್ ಮಾಡುವುದು ಕಾನೂನುಬದ್ಧವೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1984ರಲ್ಲಿ ಸೋನಿ ಕಂಪನಿಯ ಮೊಕದ್ದಮೆಯಲ್ಲಿ ಐದು ನ್ಯಾಯಮೂರ್ತಿಗಳು ಪರವಾಗಿ, ನಾಲ್ವರು ವಿರೋಧವಾಗಿ ತೀರ್ಪಿತ್ತರು. ನಂತರ ನೋಡಲೆಂದು ಮನೆಮಟ್ಟಿಗೆ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದಾಯಿತು.

ನಮ್ಮ ಪೆಟ್ಟಿಗೆಯ ಡಿಸ್ಕ್ 500 ಜಿಬಿ. ಎಚ್‌ಡಿ ಪ್ರಸಾರ ಸೆಕೆಂಡಿಗೆ 8 ಮೆಗಾಬಿಟ್ ಎಂದಿಟ್ಟುಕೊಂಡರೆ ಗಂಟೆಗೆ 3.6 ಜಿಬಿ, ಒಟ್ಟು 138 ಗಂಟೆ. ಕೇಳಲು ಬಹಳ. ಅಮ್ಮಿಯ ಅಡುಗೆ ಕಾರ್ಯಕ್ರಮ, ಭಾಯಿಯ ಪಂದ್ಯಗಳು, ಸಿಇಟಿಗೆಂದು ನಾನು ಹಾಕಿಟ್ಟ ವಿಜ್ಞಾನದ ಪಾಠಗಳು ಸೇರಿ ಎರಡು ತಿಂಗಳಲ್ಲಿ ತುಂಬಿತು. ಯಾರದ್ದನ್ನು ಅಳಿಸಬೇಕು ಎಂಬ ಜಗಳ ಆಗ ಶುರುವಾಯಿತು. ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚನ್ನು ಯಾರೂ ನೋಡಿರಲಿಲ್ಲ. ಇಟ್ಟುಕೊಂಡರೆ ನೋಡಿದಂತೆಯೇ ಎಂಬ ಸಮಾಧಾನ ಈ ಪೆಟ್ಟಿಗೆಯ ದೊಡ್ಡ ಮೋಸ. ನೋಟ್ಸ್ ಜೆರಾಕ್ಸ್ ಮಾಡಿಸಿ ಓದಿದಷ್ಟೇ ಸಂತೋಷಪಡುವ ನಮಗೆ ಇದು ಹೊಸದಲ್ಲ.

ಅದರಿಂದಾದ ಉಪಕಾರವೂ ದೊಡ್ಡದು. ಮೊದಲು ಅಬ್ಬಾ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಈಗ ಅವರು ಊಟಕ್ಕೆ ಕೂತ ಮೇಲೆ ಎಂಟು ಗಂಟೆಯ ಕಾರ್ಯಕ್ರಮ ಶುರುವಾಗುತ್ತದೆ. ಅಜಾನ್ ಕೇಳಿದರೆ ಒಂದು ಗುಂಡಿ ಒತ್ತಿ ನಿಲ್ಲಿಸುತ್ತೇವೆ, ನಮಾಜ್ ಮುಗಿಸಿ ಬಂದು ಅಲ್ಲಿಂದಲೇ ಮುಂದುವರಿಸುತ್ತೇವೆ. ಕರೆಂಟ್ ಹೋದರೆ ರೆಕಾರ್ಡಿಂಗ್ ಅರ್ಧಕ್ಕೆ ನಿಲ್ಲುತ್ತದೆಂದು ಪೆಟ್ಟಿಗೆಯನ್ನು ಯುಪಿಎಸ್‌ಗೆ ಜೋಡಿಸಿದ್ದೇವೆ. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ದಟ್ಟ ಮಳೆ ಬಂದಾಗ ಮಾತ್ರ ಉಪಾಯವಿಲ್ಲ. ಉಪಗ್ರಹದಿಂದ ಬರುವ ಅಲೆಗಳನ್ನು ಮಳೆಹನಿಗಳು ಹೀರಿಕೊಂಡು ಚದುರಿಸುತ್ತವೆ; ಡಿಸ್ಕಿಗೆ ಬರುವುದು ಚೂರುಚೂರಾದ ಚಿತ್ರ.

ಡಿವಿಆರ್‌ನ ಮಿತಿ ಚೆನ್ನಾಗಿ ತಿಳಿದದ್ದು 2019ರ ವಿಶ್ವಕಪ್‌ನಲ್ಲಿ. ಜುಲೈ 9ರ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ 46.1 ಓವರ್‌ಗೆ 211 ಮಾಡಿದ್ದಾಗ ಮ್ಯಾಂಚೆಸ್ಟರ್‌ನಲ್ಲಿ ಮಳೆ ಬಂತು. ಆಟ ಮರುದಿನಕ್ಕೆ ಹೋಯಿತು. ನಮ್ಮ ಪೆಟ್ಟಿಗೆ ಮಳೆಯನ್ನೂ ಹಳೆಯ ಪಂದ್ಯದ ತುಣುಕುಗಳನ್ನೂ ಶ್ರದ್ಧೆಯಿಂದ ತುಂಬಿಟ್ಟಿತ್ತು. ಮರುದಿನ ಜಡೇಜ 77 ಹೊಡೆದದ್ದು, ಧೋನಿ ರನೌಟ್ ಆದದ್ದು ಅದರಲ್ಲಿ ಇರಲಿಲ್ಲ. ಗಡಿಯಾರ ನೋಡಿ ಕೆಲಸ ಮಾಡುವ ಯಂತ್ರಕ್ಕೆ ಆಟ ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ.

ಜುಲೈ 14ರ ಫೈನಲ್ ದಿನ ಅಬ್ಬಾ, "ಬೆಳಿಗ್ಗೆ ಬೇಗ ಮಾರುಕಟ್ಟೆಗೆ ಹೋಗಬೇಕು, ರೆಕಾರ್ಡ್ ಆಗಲಿ, ಯಾರೂ ಫಲಿತಾಂಶ ಹೇಳಬೇಡಿ" ಎಂದು ಮಲಗಿದರು. ದಾದಿ, ಭಾಯಿ, ನಾನು ಮಧ್ಯರಾತ್ರಿಯವರೆಗೆ ಕೂತು ನೋಡಿದೆವು. ದಾದಿ ಹಿಂದಿ ಕಾಮೆಂಟರಿಯ ಒಂದೊಂದು ಮಾತನ್ನೂ ಹಿಡಿಯುತ್ತಿದ್ದರು. ಮರುದಿನ ಸಂಜೆ ಅಬ್ಬಾ ಮೊಬೈಲ್ ಮುಟ್ಟದೆ, ಅಂಗಡಿ ಮುಂದೆ ನಿಲ್ಲದೆ ನೇರ ಮನೆಗೆ ಬಂದು ನೋಡಲು ಕೂತರು. ಇಂಗ್ಲೆಂಡ್‌ಗೆ ಇನ್ನು ಕೆಲವೇ ಓವರ್ ಉಳಿದಿರುವಾಗ ರೆಕಾರ್ಡಿಂಗ್ ನಿಂತುಹೋಯಿತು. ನಿಗದಿಯಾಗಿದ್ದ ಹೊತ್ತು ಮುಗಿದಿತ್ತು.

ಅಬ್ಬಾ ರಿಮೋಟ್ ಕೈಯಲ್ಲಿ ಹಿಡಿದು ನಮ್ಮನ್ನು ನೋಡಿದರು. ಆಗ ದಾದಿ ಶುರು ಮಾಡಿದರು. ಚೆಂಡು ಸ್ಟೋಕ್ಸ್‌ನ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದದ್ದು, ಎರಡೂ ತಂಡ 241ಕ್ಕೆ ಸಮವಾದದ್ದು, ಸೂಪರ್ ಓವರ್‌ನಲ್ಲೂ 15ಕ್ಕೆ 15 ಆದದ್ದು, ಕೊನೆಗೆ ಬೌಂಡರಿ ಎಣಿಸಿ ಇಂಗ್ಲೆಂಡ್‌ಗೆ ಕಪ್ ಕೊಟ್ಟದ್ದು, ಎಲ್ಲವನ್ನೂ ಕಾಮೆಂಟರಿಯವರ ಮಾತು ಸಹಿತ ಹೇಳಿದರು. "ಇದು ಯಾವ ನ್ಯಾಯ? ಸಮ ಆದ ಮೇಲೆ ಹಂಚಿಕೊಡಬೇಕಾಗಿತ್ತು" ಎಂದು ತೀರ್ಪನ್ನೂ ಕೊಟ್ಟರು. ಅಬ್ಬಾ ತಟ್ಟೆ ಪಕ್ಕಕ್ಕಿಟ್ಟು ಕೇಳುತ್ತಾ ಕೂತಿದ್ದರು. ವರ್ಷದ ಹಿಂದೆ "ಏನಂದ?" ಎಂದು ಕೇಳಲೂ ಸಂಕೋಚಪಡುತ್ತಿದ್ದ ದಾದಿ, ಯಂತ್ರ ಬಿಟ್ಟುಹೋದದ್ದನ್ನು ಅಂದು ಮಗನಿಗೆ ಹೇಳುತ್ತಿದ್ದರು. ನಾವು ಕೊಟ್ಟ ಹದಿನಾಲ್ಕು ಸಾವಿರ ನನ್ನ ಲೆಕ್ಕದಲ್ಲಿ ಅಂದೇ ವಸೂಲಾಯಿತು.

ಆಗಸ್ಟ್‌ನಲ್ಲಿ ಚಾಚಾ, ಚಾಚಿ ಹಜ್‌ಗೆ ಹೋಗಿದ್ದರು. ಅರಫಾತ್ ದಿನದ ನೇರಪ್ರಸಾರವನ್ನು ದಾದಿ ರೆಕಾರ್ಡ್ ಮಾಡಿಸಿ, ವಾರಗಟ್ಟಲೆ ಅದನ್ನೇ ಹಾಕಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ, ಲಕ್ಷಾಂತರ ಬಿಳಿ ಬಟ್ಟೆಗಳ ನಡುವೆ ಮಗನ ಮುಖ ಹುಡುಕುತ್ತಿದ್ದರು. ಡಿಸೆಂಬರ್‌ನಲ್ಲಿ ಡಿಸ್ಕ್ ಕೆಟ್ಟಿತು. ಕಂಪನಿಯವರು ಪೆಟ್ಟಿಗೆ ಬದಲಿಸಿಕೊಟ್ಟರು, ಹಳೆಯದನ್ನು ಒಯ್ದರು. ಇಂಥ ಪೆಟ್ಟಿಗೆಗಳಲ್ಲಿ ರೆಕಾರ್ಡಿಂಗ್‌ಗೆ ಬೀಗ ಹಾಕಿರುತ್ತದೆ. ಅದೇ ಪೆಟ್ಟಿಗೆಯಲ್ಲಿ ಬಿಟ್ಟು ಬೇರೆಡೆ ತೆರೆಯುವುದಿಲ್ಲ, ನಕಲು ಮಾಡಿಟ್ಟುಕೊಳ್ಳಲೂ ಆಗುವುದಿಲ್ಲ. ನಮ್ಮ ಮನೆಯಲ್ಲಿದ್ದರೂ ಅದು ನಮ್ಮದಾಗಿರಲಿಲ್ಲ. ನಮಗೆಲ್ಲ ಬೇಜಾರಾಯಿತು. ದಾದಿ ಚಾಚಾಗೆ ಫೋನ್ ಮಾಡಿಸಿ, "ಶುಕ್ರವಾರ ಮನೆಗೆ ಬಾ, ಅಲ್ಲಿ ನೀನು ಎಲ್ಲಿ ನಿಂತಿದ್ದೆ ಅಂತ ನಿನ್ನ ಬಾಯಲ್ಲೇ ಕೇಳಬೇಕು" ಎಂದರು.

ರಿಸೀವರ್ ಕೊಳ್ಳಬೇಕೆಂದಿರುವ ಗೆಳೆಯ ಗೆಳತಿಯರಿಗೆ ನಾನು ಹೇಳುವುದು ಇಷ್ಟು. ರಟ್ಟಿನ ಮೇಲಿನ ವಾಟ್ ಬಿಡಿ, ಹಿಂದಿನ ಚೀಟಿ ಓದಿ. ಸೆಂಟರ್ ಸ್ಪೀಕರ್‌ಗೆ ಹಣ ಉಳಿಸಿಕೊಳ್ಳಿ. ರೆಕಾರ್ಡ್ ಮಾಡುವಾಗ ಪಂದ್ಯವಾದರೆ ಒಂದೆರಡು ಗಂಟೆ ಹೆಚ್ಚು ಸಮಯ ಕೊಡಿ. ಇಟ್ಟದ್ದನ್ನು ವಾರದೊಳಗೆ ನೋಡಿ ಅಥವಾ ಅಳಿಸಿ. ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯಲ್ಲಿ ಟಿವಿ ಮುಂದೆ ಕೂರುವುದನ್ನು ಸದ್ದಿಲ್ಲದೆ ಬಿಟ್ಟವರು ಯಾರಾದರೂ ಇದ್ದಾರೆಯೇ ನೋಡಿ. ಇದ್ದರೆ ಅಂಗಡಿಗೆ ಅವರನ್ನು ಕರೆದುಕೊಂಡು ಹೋಗಿ.